ಮಠಾಧಿಪತಿಯ ದುಡಿಮೆ: ಹಾನಗಲ್ಲ ಕುಮಾರ ಸ್ವಾಮಿಗಳು



ಹಾನಗಲ್ಲ ಕುಮಾರ ಸ್ವಾಮಿಗಳ ಹೆಸರು ಕೇಳದವರು ಈ ಸಭೆಯಲ್ಲಿ ಇರಲಾರರು. ಅವರ ಭಾವಚಿತ್ರ ನಮ್ಮ ಕಡೆ ಎಷ್ಟೋ ಮನೆಗಳ ದೇವರ ಜಗಲಿಯ ಮೇಲಿದೆ, ಪೇಟೆಯ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲಿದೆ. 2023ರಲ್ಲಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ವಿರಾಟಪುರ ವಿರಾಗಿ’ ಚಲನಚಿತ್ರ ಬಂದ ಮೇಲೆ ಹೊಸ ತಲೆಮಾರಿಗೂ ಅವರ ಪರಿಚಯವಾಯಿತು. ಶಿವಯೋಗಿ, ಕಾರಣಿಕ ಪುರುಷ ಎಂದು ಅವರನ್ನು ಕೊಂಡಾಡುವ ಪುರಾಣಗಳು, ಪದಗಳು, ನಾಟಕಗಳು ಸಾಕಷ್ಟಿವೆ. ಇವತ್ತು ನಾನು ಮಾತಾಡಬೇಕೆಂದಿರುವುದು ಅವರ ದುಡಿಮೆಯ ಬಗ್ಗೆ. ಒಂದು ಮಠದ ಅಧಿಕಾರ ಕೈಗೆ ಬಂದಾಗ ಅವರು ಏನು ಮಾಡಿದರು, ಯಾರನ್ನು ಕೂಡಿಸಿಕೊಂಡರು, ಹಣವನ್ನು ಹೇಗೆ ಹೊಂದಿಸಿದರು, ಯಾವುದನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು, ಯಾವುದನ್ನು ಬಿಟ್ಟುಕೊಟ್ಟರು ಎಂಬುದನ್ನು ಒಂದೊಂದಾಗಿ ನೋಡೋಣ. ಭಕ್ತಿಯಿಂದ ಕೈಮುಗಿಯುವವರಿಗೂ ಈ ನೋಟದಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಅವರು ಹುಟ್ಟಿದ್ದು 1867ರ ಸೆಪ್ಟೆಂಬರ್ 11ರಂದು, ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯ ಸಾಲಿಮಠದ ಮನೆತನದಲ್ಲಿ. ತಂದೆ ಬಸವಯ್ಯ, ತಾಯಿ ನೀಲಮ್ಮ. ಮಗನಿಗೆ ಇಟ್ಟ ಹೆಸರು ಹಾಲಯ್ಯ. ಮನೆಯಲ್ಲಿ ಬಡತನವಿತ್ತು. ಹುಡುಗನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ನಮ್ಮ ಹಿರಿಯರು ಡೋಗಿ ಬರ ಎಂದು ಕರೆಯುತ್ತಿದ್ದ 1876–78ರ ಮಹಾಕ್ಷಾಮ ಬಂತು. ಆಗಿನ ಧಾರವಾಡ ಜಿಲ್ಲೆಯ ಜನಸಂಖ್ಯೆ 1872ರ ಗಣತಿಯಿಂದ 1881ರ ಗಣತಿಗೆ ಬರುವಷ್ಟರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಕುಸಿದಿತ್ತು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಹಾನಗಲ್ಲ ಎಲ್ಲವೂ ಆಗ ಮುಂಬಯಿ ಪ್ರಾಂತದ ಆ ಜಿಲ್ಲೆಗೇ ಸೇರಿದ್ದವು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ ಅಲ್ಲವೆ. ಹಸಿದ ಊರುಗಳ ನಡುವೆ ಬೆಳೆದ ಹುಡುಗ ಮುಂದೆ ಸ್ವಾಮಿಯಾದಾಗ ಪ್ರಸಾದ ನಿಲಯಗಳ ಬಗ್ಗೆ ಅಷ್ಟು ಹಟ ಹಿಡಿದದ್ದು ಯಾಕೆಂದು ಊಹಿಸುವುದು ಕಷ್ಟವಲ್ಲ.

ಕಲಿತದ್ದು ಊರಲ್ಲಿ, ಆಮೇಲೆ ಕಜ್ಜರಿಯಲ್ಲಿ. ಕನ್ನಡ ಸಾಲಿಯ ಕೊನೆಯ ಮೆಟ್ಟಿಲಾದ ಮುಲ್ಕಿ ಪರೀಕ್ಷೆಗೆ ಹಾಲಯ್ಯ ಧಾರವಾಡಕ್ಕೆ ಹೋಗಿ ಕೂತರು, ಪಾಸಾಗಲಿಲ್ಲ. ಆ ಕಾಲದಲ್ಲಿ ಮುಲ್ಕಿ ಪಾಸಾದವನಿಗೆ ಮಾಸ್ತರಿಕೆ ಇಲ್ಲವೆ ತಲಾಠಿ ನೌಕರಿಯ ದಾರಿ ತೆರೆಯುತ್ತಿತ್ತು, ನಪಾಸಾದವನಿಗೆ ಆ ದಾರಿ ಮುಚ್ಚುತ್ತಿತ್ತು. ಹಾಲಯ್ಯ ಲಿಂಗದಹಳ್ಳಿಯಲ್ಲಿ ತಾವೇ ಮಕ್ಕಳನ್ನು ಕೂಡಿಸಿಕೊಂಡು ಗಾಂವಠಿ ಸಾಲಿ ನಡೆಸಿದರು. ಸ್ವಾಮಿಯಾಗುವ ಮೊದಲು ಅವರು ಹಳ್ಳಿಯ ಮಾಸ್ತರರಾಗಿದ್ದರು ಎಂಬುದನ್ನು ಚರಿತ್ರೆಕಾರರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಮುಂದಿನ ನಲವತ್ತು ವರ್ಷ ಅವರು ಮಾಡಿದ ಒಂದೊಂದು ಕೆಲಸದಲ್ಲೂ ಆ ಮಾಸ್ತರರ ಕೈ ಕಾಣುತ್ತದೆ.

ವೈರಾಗ್ಯದ ಸೆಳೆತಕ್ಕೆ ಮನೆ ಬಿಟ್ಟು ಹುಬ್ಬಳ್ಳಿಗೆ ಹೋದರು. ಸಿದ್ಧಾರೂಢರ ಸನ್ನಿಧಿಯಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರಗ್ರಂಥಗಳ ಪಾಠ ನಡೆಯುತ್ತಿದ್ದ ದಿನಗಳು ಅವು. ವೇದಾಂತ ಕೇಳಿದರೂ ಇಷ್ಟಲಿಂಗ ನಿಷ್ಠೆಯ ದಾರಿಯೇ ತಮ್ಮದು ಎಂದು ಅವರಿಗೆ ಅನ್ನಿಸಿತು. ಎಳಂದೂರಿನ ಬಸವಲಿಂಗ ಸ್ವಾಮಿಗಳನ್ನು ಗುರುವಾಗಿ ಪಡೆದು, ನಿಜಗುಣರು ತಪಸ್ಸು ಮಾಡಿದ ಶಂಭುಲಿಂಗನ ಬೆಟ್ಟದಲ್ಲಿ ಅವರ ಬಳಿಯಿದ್ದು ಸಾಧನೆ ಮಾಡಿದರು. ಆ ಅಧ್ಯಾಯದ ಆಳ ಬಲ್ಲವರು ಅದನ್ನು ಹೇಳಬೇಕು, ನಾನು ಮುಂದೆ ಹೋಗುತ್ತೇನೆ. ಹಾನಗಲ್ಲ ವಿರಕ್ತಮಠದಲ್ಲಿ ಆಗ ಫಕೀರ ಸ್ವಾಮಿಗಳು ಇದ್ದರು. ಅವರ ಕಣ್ಣು ಈ ತರುಣನ ಮೇಲೆ ಬಿತ್ತು. ಮೂವತ್ತರ ಆಸುಪಾಸಿನಲ್ಲಿ ಹಾಲಯ್ಯ ಕುಮಾರ ಸ್ವಾಮಿಗಳಾಗಿ ಹಾನಗಲ್ಲ ಮಠದ ಅಧಿಕಾರಕ್ಕೆ ಬಂದರು.

ಹಾನಗಲ್ಲ ಸಣ್ಣ ಊರಲ್ಲ. ಪಾನುಂಗಲ್ಲು ಎಂಬ ಹೆಸರಿನಲ್ಲಿ ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದ ಊರು, ತಾರಕೇಶ್ವರ ಗುಡಿ ಇರುವ ಊರು, ಸುತ್ತಲೂ ಭತ್ತದ ಗದ್ದೆ. ಅಲ್ಲಿ ಕೂತು ಭಕ್ತರ ಪಾದಪೂಜೆ ಸ್ವೀಕರಿಸುತ್ತ ಸುಖವಾಗಿ ಇದ್ದುಬಿಡಬಹುದಿತ್ತು. ಆದರೆ ಅವರು ಪೀಠಕ್ಕೆ ಬಂದ ಹೊತ್ತು ಹಾಗಿರಲಿಲ್ಲ. 1896–97ರಲ್ಲಿ ಮತ್ತೆ ಬರ, 1899–1900ರಲ್ಲಿ ಇನ್ನೊಂದು. ಈ ಎರಡರ ನಡುವೆ ಮುಂಬಯಿಯಿಂದ ಪ್ಲೇಗು ಇಳಿದು ಬಂತು. 1898ರಲ್ಲಿ ಹುಬ್ಬಳ್ಳಿ, ಧಾರವಾಡಗಳಲ್ಲಿ ಅದರ ಹಾವಳಿ ಎಷ್ಟಿತ್ತೆಂದರೆ ಹಾಫ್‌ಕಿನ್ ಲಸಿಕೆಯನ್ನು ಸಾವಿರಾರು ಜನರಿಗೆ ಚುಚ್ಚಿ ಪರೀಕ್ಷಿಸಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದಾಯಿತು. ಊರಿಗೆ ಊರೇ ಖಾಲಿಯಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಕುಮಾರ ಸ್ವಾಮಿಗಳು ಬರಗಾಲದಲ್ಲಿ ಮಠದ ಬಾಗಿಲು ತೆರೆದು ಹಸಿದವರಿಗೆ ಅನ್ನ ಹಾಕಿಸಿದರು. ಮಠದ ಕಣಜ ಇರುವುದೇ ಇಂಥ ದಿನಕ್ಕೆ ಎಂಬ ಹಳೆಯ ತಿಳಿವಳಿಕೆಯನ್ನು ಅವರು ನಡೆದು ತೋರಿಸಿದರು.

ಅನ್ನ ಹಾಕುವುದು ಆ ಹೊತ್ತಿನ ಕೆಲಸ. ಬರ ತೀರಿದ ಮೇಲೂ ತೀರದ ಒಂದು ಕೊರತೆ ಅವರ ಕಣ್ಣಿಗೆ ಬಿದ್ದಿತ್ತು. ನಮ್ಮ ನಾಡಿನಲ್ಲಿ ಊರಿಗೊಂದು ಮಠ. ಮಠಗಳಿಗೆ ಇನಾಮಿನ ಹೊಲಗಳಿದ್ದವು, ಸುಗ್ಗಿಯಲ್ಲಿ ಕಣದ ಕಾಳು ಬರುತ್ತಿತ್ತು, ಪೇಟೆಗಳಲ್ಲಿ ವ್ಯಾಪಾರದ ಮೇಲೆ ಎತ್ತುವ ಧರ್ಮಾದಾಯವಿತ್ತು. ಆ ಮಠದ ಪೀಠದಲ್ಲಿ ಕೂಡುವವರನ್ನು ತಯಾರು ಮಾಡುವ ವ್ಯವಸ್ಥೆ ಮಾತ್ರ ಎಲ್ಲೂ ಇರಲಿಲ್ಲ. ರೂಢಿ ಹೇಗಿತ್ತೆಂಬುದು ಇಲ್ಲಿರುವ ಹಿರಿಯರಿಗೆ ಗೊತ್ತು. ಒಂದು ಜಂಗಮರ ಮನೆಯಿಂದ ಚೆಲುವಾದ, ಚುರುಕಾದ ಹುಡುಗನನ್ನು ತಂದು ಮಠಕ್ಕೆ ಮರಿ ಮಾಡಿಕೊಳ್ಳುವುದು. ದೊಡ್ಡ ಸ್ವಾಮಿಗಳು ವಿದ್ವಾಂಸರಾಗಿದ್ದರೆ ಮರಿಗೆ ನಾಲ್ಕು ಅಕ್ಷರ, ನಾಲ್ಕು ಶ್ಲೋಕ ಬಂದಾವು. ಅವರಿಗೇ ಬರದಿದ್ದರೆ, ಇಲ್ಲವೆ ಮರಿ ಸಣ್ಣವನಿರುವಾಗಲೇ ಅವರು ಲಿಂಗೈಕ್ಯರಾದರೆ, ಏನೂ ತಿಳಿಯದ ಹುಡುಗನಿಗೆ ಪಟ್ಟಗಟ್ಟಿ ಕೂಡಿಸುವುದು. ಆಸ್ತಿಯ ಲೆಕ್ಕ ನೋಡುವವರು ಅವನ ಸುತ್ತ ಸೇರುವುದು. ಹೀಗೆ ಬೆಳೆದ ಸ್ವಾಮಿಯನ್ನು ದೂರುವುದು ಸುಲಭ. ಅವನಿಗೆ ಕಲಿಸಿದವರು ಯಾರು ಎಂದು ಕುಮಾರ ಸ್ವಾಮಿಗಳು ಕೇಳಿದರು. ಒಬ್ಬ ತಲಾಠಿಗೆ ಪರೀಕ್ಷೆ ಇದೆ, ಮಾಸ್ತರನಿಗೆ ಟ್ರೇನಿಂಗ್ ಇದೆ, ಸಾವಿರಾರು ಜನ ಪಾದ ಮುಟ್ಟುವ ಸ್ವಾಮಿಗೆ ಏನೂ ಇಲ್ಲ! ಅವರ ಇಡೀ ಜೀವನದ ಕೆಲಸ ಹೊರಟದ್ದು ಈ ಒಂದು ಅರಿವಿನಿಂದ ಎಂಬುದು ನನ್ನ ನಂಬಿಕೆ.

ಆದರೆ ಅವರು ನೇರವಾಗಿ ಅದಕ್ಕೇ ಕೈ ಹಾಕಲಿಲ್ಲ. ಮೊದಲು ಸಮಾಜವನ್ನು ಒಂದು ಕಡೆ ಕೂಡಿಸಿದರು. 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆ ಹುಟ್ಟಿತು. ಅದಕ್ಕಾಗಿ ಹಗಲಿರುಳು ತಿರುಗಿದವರು ಕುಮಾರ ಸ್ವಾಮಿಗಳು, ಆದರೆ ಮೊದಲ ಅಧಿವೇಶನದ ಅಧ್ಯಕ್ಷ ಪೀಠದಲ್ಲಿ ಕೂತವರು ಶಿರಸಂಗಿಯ ಲಿಂಗರಾಜ ದೇಸಾಯರು. ಇಲ್ಲಿ ಸ್ವಲ್ಪ ನಿಲ್ಲೋಣ. ಒಬ್ಬ ಮಠಾಧಿಪತಿ ತಾನು ಕಟ್ಟಿದ ಸಭೆಯ ಮುಖ್ಯ ಆಸನವನ್ನು ಒಬ್ಬ ಗೃಹಸ್ಥನಿಗೆ ಬಿಟ್ಟುಕೊಟ್ಟು ತಾನು ಪಕ್ಕದಲ್ಲಿ ಕೂತ. ಗುರು ಸ್ಥಾನಗಳ ನಡುವೆ ಯಾರು ಮೇಲೆ, ಯಾರು ಕೆಳಗೆ ಎಂಬ ಜಗಳ ಆಗಲೂ ಇತ್ತು. ಯಾವ ಸ್ವಾಮಿಗಳು ಅಧ್ಯಕ್ಷರಾದರೂ ಇನ್ನೊಂದು ಮಠದವರು ಮುನಿಸಿಕೊಳ್ಳುತ್ತಿದ್ದರು. ಲಿಂಗರಾಜರು ಅಧ್ಯಕ್ಷರಾದದ್ದರಿಂದ ಆ ಜಗಳಕ್ಕೆ ಜಾಗವೇ ಇಲ್ಲದಾಯಿತು. ಇನ್ನೂ ಒಂದು ಫಲ ದೊರೆಯಿತು: ಸರದಾರರು, ವಕೀಲರು, ವರ್ತಕರು ಇದು ತಮ್ಮ ಕೆಲಸ ಎಂದುಕೊಂಡರು. ಎರಡೇ ವರ್ಷದಲ್ಲಿ, 1906ರಲ್ಲಿ, ಲಿಂಗರಾಜರು ತೀರಿಕೊಂಡಾಗ ಅವರ ಶಿರಸಂಗಿ, ನವಲಗುಂದ ಸಂಸ್ಥಾನದ ಆಸ್ತಿ ಬಡ ವಿದ್ಯಾರ್ಥಿಗಳ ಓದಿಗೆ ಮೀಸಲಾಯಿತು. ಆ ನಿಧಿಯ ಶಿಷ್ಯವೇತನದಿಂದ ಓದಿ ಮುಂದೆ ಬಂದವರ ಮೊಮ್ಮಕ್ಕಳು ಈ ಸಭೆಯಲ್ಲೂ ಇದ್ದಿರಬಹುದು.

ಈ ಓಡಾಟ ಹೇಗೆ ಸಾಧ್ಯವಾಯಿತು ಎಂಬುದನ್ನೂ ನೋಡಬೇಕು. ನಮ್ಮ ಮೂರೂ ಊರುಗಳಾದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲು ದಾರಿಯ ಮೇಲಿವೆ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿದರೆ ಗದಗ, ಬಾದಾಮಿ, ಬಾಗಲಕೋಟೆ. ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ, ರಾಣೇಬೆನ್ನೂರಿನಿಂದ ಅರಳೆ ಹೊರಟ ದಾರಿಯಲ್ಲಿಯೇ ಕಾವಿ ತೊಟ್ಟವರೂ ಓಡಾಡಿದರು. ರೈಲು ಇಲ್ಲದ ಕಡೆ ಚಕ್ಕಡಿ, ಕಾಲ್ನಡಿಗೆ. ಮಹಾಸಭೆಯ ಕೆಲಸ, ಪಾಠಶಾಲೆಗಳ ಕೆಲಸ, ಪ್ರಸಾದ ನಿಲಯಗಳ ಕೆಲಸ ಎಂದು ಅವರು ಹಾನಗಲ್ಲದಲ್ಲಿ ಕೂತದ್ದಕ್ಕಿಂತ ಹೊರಗೆ ಇದ್ದದ್ದೇ ಹೆಚ್ಚು.

ಬಾಗಲಕೋಟೆಯಲ್ಲಿ ಸೇರಿದ ಮಹಾಸಭೆಯ ಅಧಿವೇಶನದಲ್ಲಿ ಮಠಾಧಿಪತಿಗಳನ್ನು ತಯಾರು ಮಾಡುವ ಸಂಸ್ಥೆಯ ಮಾತು ಗಟ್ಟಿಯಾಯಿತು. ಜಾಗ ಆರಿಸುವಲ್ಲಿ ಇಳಕಲ್ಲ ವಿಜಯ ಮಹಾಂತ ಶಿವಯೋಗಿಗಳ ಮಾರ್ಗದರ್ಶನ ಸಿಕ್ಕಿತು. 1909ರಲ್ಲಿ, ಬಾದಾಮಿಯಿಂದ ಪಟ್ಟದಕಲ್ಲಿನ ಕಡೆಗೆ ಹೋಗುವ ಸೀಮೆಯಲ್ಲಿ, ಮಹಾಕೂಟಕ್ಕೆ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಶುರುವಾಯಿತು. ನೀವು ಅಲ್ಲಿಗೆ ಹೋಗಿದ್ದೀರಿ. ಈಗ ಟಾರು ರಸ್ತೆ, ಯಾತ್ರಿನಿವಾಸ ಎಲ್ಲ ಇವೆ. ಆಗ ಅಡವಿ, ಕೆಂಪು ಕಲ್ಲಿನ ಗುಡ್ಡ, ಹೊಳೆ. ಪೇಟೆಯ ಗದ್ದಲದಿಂದ ದೂರ, ಆದರೆ ರೈಲು ಸ್ಟೇಶನ್ನಿಗೆ ಒಂದು ಚಕ್ಕಡಿಯ ದಾರಿ.

ಅಲ್ಲಿ ಸೇರಿಸಿಕೊಂಡದ್ದು ಸಣ್ಣ ವಯಸ್ಸಿನ ವಟುಗಳನ್ನು, ಸ್ವಲ್ಪ ದೊಡ್ಡವರಾದ ಸಾಧಕರನ್ನು. ಬೆಳಗಿನ ಜಾವಕ್ಕೆ ಏಳಬೇಕು, ಹೊಳೆಯಲ್ಲಿ ಮೀಯಬೇಕು, ಲಿಂಗಪೂಜೆ ಮಾಡಬೇಕು. ಆಮೇಲೆ ಸಂಸ್ಕೃತ, ಕನ್ನಡ, ವಚನ, ನಿಜಗುಣ ಶಾಸ್ತ್ರ, ಯೋಗ, ಸಂಗೀತ, ಪ್ರವಚನ ಹೇಳುವ ಅಭ್ಯಾಸ. ಊರೂರು ತಿರುಗಿ ತಾಳೆಗರಿ ಮತ್ತು ಕಾಗದದ ಕಟ್ಟುಗಳನ್ನು ತಂದು ಗ್ರಂಥಾಲಯ ಮಾಡಿದರು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳು ಅಟ್ಟದ ಮೇಲೆ ಹುಳ ಹಿಡಿಯುತ್ತಿದ್ದವು. ಆಯುರ್ವೇದದ ಔಷಧಿ ತಯಾರಿಕೆಯೂ ಅಲ್ಲಿತ್ತು. ಗೋಶಾಲೆ ಇತ್ತು, ಅದರ ಜೊತೆಗೆ ವಿಭೂತಿ ತಯಾರಿಕೆ.

ವಿಭೂತಿಯ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆ ಸಂಸ್ಥೆಯ ಮನಸ್ಸು ಅಲ್ಲಿ ಕಾಣುತ್ತದೆ. ಆಕಳ ಸೆಗಣಿಯನ್ನು ತಟ್ಟಿ ಒಣಗಿಸಿ ಸುಡುತ್ತಾರೆ. ಸುಟ್ಟ ಬೂದಿಯನ್ನು ನೀರಲ್ಲಿ ಕಲಸಿ ಬಟ್ಟೆಯಲ್ಲಿ ಸೋಸುತ್ತಾರೆ. ಕರಿ, ಕಸ, ಹರಳು ಎಲ್ಲ ಹೊರಗೆ ಉಳಿಯುತ್ತವೆ. ಸೋಸಿದ ನೀರು ತಿಳಿಯಾಗಲು ಬಿಟ್ಟರೆ ತಳದಲ್ಲಿ ನುಣ್ಣನೆಯ ಗಸಿ ನಿಲ್ಲುತ್ತದೆ. ಅದನ್ನು ತೆಗೆದು ಗಟ್ಟಿ ಕಟ್ಟಿ ಒಣಗಿಸುತ್ತಾರೆ. ಮಂತ್ರ ಒಂದು ಕಡೆ ನಡೆಯುತ್ತದೆ, ಕೈಕೆಲಸ ಇನ್ನೊಂದು ಕಡೆ. ನಾಳೆ ಪೀಠಕ್ಕೆ ಹೋಗಿ ಭಕ್ತರ ಹಣೆಗೆ ವಿಭೂತಿ ಹಚ್ಚುವ ಹುಡುಗ ಅದು ಹೇಗೆ ಆಗುತ್ತದೆಂದು ಕೊಟ್ಟಿಗೆಯಿಂದಲೇ ಕಲಿಯಲಿ ಎಂಬ ಏರ್ಪಾಟು ಇದು. ಶಿವಯೋಗಮಂದಿರದ ಈಬತ್ತಿ ಗಟ್ಟಿ ಇವತ್ತಿಗೂ ನಮ್ಮ ಮನೆಗಳಿಗೆ ಬರುತ್ತದೆ, ಮಂದಿರಕ್ಕೆ ಹೋದವರು ತಪ್ಪದೆ ತರುತ್ತಾರೆ.

ಇನ್ನು ಹಣ. ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರು. ಜೋಳಿಗೆ ಹಿಡಿದು ಭಿಕ್ಷೆಗೆ ಹೋಗುವುದು ಜಂಗಮನ ನಿತ್ಯದ ಕಾಯಕವೇ, ಹೊಸದೇನಲ್ಲ. ಆದರೆ ಆ ಭಿಕ್ಷೆ ಮಠದ ಒಲೆಗೆ ಹೋಗುತ್ತಿತ್ತು. ಇವರು ತಮ್ಮ ಮಠದ ಪಾಲಿಗೆ ಏನೂ ಸೇರದ, ಬೇರೆ ಜಿಲ್ಲೆಯ ಅಡವಿಯಲ್ಲಿ ಕಟ್ಟುತ್ತಿರುವ ಒಂದು ಸಾಲಿಗಾಗಿ ಬೇಡಿದರು. ಹಾನಗಲ್ಲ ಭಾಗದ ಭಕ್ತರು ಇದನ್ನು ಒಪ್ಪಿಕೊಂಡು ಕೊಟ್ಟರಲ್ಲ, ಅವರ ಔದಾರ್ಯವನ್ನೂ ನೆನೆಯಬೇಕು. ಕಾಳು ಕೊಟ್ಟವರು, ದನ ಕೊಟ್ಟವರು, ಹೊಲ ಬರೆದುಕೊಟ್ಟವರು, ಮಗನನ್ನೇ ಕೊಟ್ಟವರು.

ಧರ್ಮದ ಪೀಠಗಳಿಗೆ ಕಲಿತವರನ್ನು ತಯಾರು ಮಾಡುವ ಇದೇ ಕೆಲಸವನ್ನು ಐನೂರು ವರ್ಷ ಮೊದಲು ಇಂಗ್ಲೆಂಡಿನಲ್ಲಿ ಒಬ್ಬ ಬಿಷಪ್ ಮಾಡಿದ್ದ. ವಿಲಿಯಂ ಆಫ್ ವೈಕಮ್ ಎಂದು ಅವನ ಹೆಸರು. ಹುಟ್ಟಿದ್ದು 1324ರ ಸುಮಾರಿಗೆ, ವೈಕಮ್ ಎಂಬ ಹಳ್ಳಿಯ ಸಾಮಾನ್ಯ ಮನೆಯಲ್ಲಿ. ಮೂರನೆಯ ಎಡ್ವರ್ಡ್ ದೊರೆಯ ಕೈಕೆಳಗೆ ವಿಂಡ್ಸರ್ ಕೋಟೆಯ ಕಟ್ಟಡದ ಕೆಲಸ ನೋಡಿಕೊಳ್ಳುತ್ತ ಮೇಲಕ್ಕೆ ಬಂದ. 1367ರಲ್ಲಿ ವಿಂಚೆಸ್ಟರಿನ ಬಿಷಪ್ ಆದ, ಅದೇ ವರ್ಷ ರಾಜ್ಯದ ಚಾನ್ಸಲರ್ ಕೂಡ ಆದ. 1348–49ರ ಮಹಾಮಾರಿಯಲ್ಲಿ ಇಂಗ್ಲೆಂಡ್ ತನ್ನ ಜನರಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚನ್ನು ಕಳೆದುಕೊಂಡಿತ್ತು. ರೋಗಿಗಳ ಹಾಸಿಗೆಯ ಪಕ್ಕ ಹೋಗಿ ಕೂತ ಪಾದ್ರಿಗಳು ಗುಂಪು ಗುಂಪಾಗಿ ಸತ್ತಿದ್ದರು, ಅವರ ಜಾಗಕ್ಕೆ ಓದು ಬರೆಹ ಬಲ್ಲವರು ಸಿಗುತ್ತಿರಲಿಲ್ಲ. ವೈಕಮ್ 1379ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯೂ ಕಾಲೇಜನ್ನೂ, ಅದಕ್ಕೆ ಹುಡುಗರನ್ನು ತಯಾರು ಮಾಡಿ ಕಳಿಸಲು 1382ರಲ್ಲಿ ವಿಂಚೆಸ್ಟರಿನಲ್ಲಿ ಒಂದು ಶಾಲೆಯನ್ನೂ ಸ್ಥಾಪಿಸಿದ. ಎರಡರಲ್ಲೂ ಎಪ್ಪತ್ತು ಎಪ್ಪತ್ತು ವಿದ್ಯಾರ್ಥಿಗಳು. 1404ರಲ್ಲಿ ಅವನು ತೀರಿಕೊಂಡ. ಎರಡೂ ಸಂಸ್ಥೆಗಳು ಇಂದಿಗೂ ನಡೆಯುತ್ತಿವೆ.

ಬರ, ಪ್ಲೇಗುಗಳ ನಂತರ ಧರ್ಮದ ಪೀಠಗಳಿಗೆ ಕಲಿತವರನ್ನು ಒದಗಿಸಬೇಕೆಂಬ ಅದೇ ಚಿಂತೆ ಇಬ್ಬರದೂ. ವ್ಯತ್ಯಾಸ ಎಲ್ಲಿದೆ ಎಂದರೆ, ವೈಕಮ್ ಕೈಯಲ್ಲಿ ದೇಶದ ಅತಿ ಶ್ರೀಮಂತ ಪೀಠಗಳಲ್ಲಿ ಒಂದರ ವರಮಾನವಿತ್ತು, ಅರಮನೆಯ ಬೆಂಬಲವಿತ್ತು. ಕುಮಾರ ಸ್ವಾಮಿಗಳ ಬೆನ್ನಿಗೆ ಯಾವ ದೊರೆಯೂ ಇರಲಿಲ್ಲ. ಇನ್ನೊಂದು ವ್ಯತ್ಯಾಸ ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ. ವೈಕಮ್ ತನ್ನ ಶಾಲೆಯಲ್ಲಿ ತನ್ನ ರಕ್ತಸಂಬಂಧಿಕರಿಗೆ ಮೊದಲ ಹಕ್ಕು ಎಂದು ಕಟ್ಟಳೆ ಬರೆದಿಟ್ಟ. ಶಿವಯೋಗಮಂದಿರವನ್ನು ಕುಮಾರ ಸ್ವಾಮಿಗಳು ಹಾನಗಲ್ಲ ಮಠದ ಶಾಖೆ ಮಾಡಲಿಲ್ಲ. ಅದು ಎಲ್ಲ ಮಠಗಳಿಗೆ ಸೇರಿದ ಸಂಸ್ಥೆಯಾಗಿ ನಿಂತಿತು, ಅದರ ಅಧ್ಯಕ್ಷತೆ ಬೇರೆ ಬೇರೆ ಮಠಗಳ ಸ್ವಾಮಿಗಳಿಗೆ ಬರುವಂತಾಯಿತು. ತಮ್ಮ ಪೀಠಕ್ಕೆ ಕಟ್ಟಿಹಾಕದೆ ಬಿಟ್ಟದ್ದರಿಂದಲೇ ಹಾವೇರಿಯ ಹುಕ್ಕೇರಿಮಠದಂಥ ಇತರ ವಿರಕ್ತಮಠಗಳೂ ಅದನ್ನು ತಮ್ಮದೆಂದು ತಿಳಿದವು.

ಇಂಗ್ಲೆಂಡಿಗೆ ಹೋಗುವುದೂ ಬೇಡ. ಹಾನಗಲ್ಲದಿಂದ ದಕ್ಷಿಣಕ್ಕೆ ಹೋದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಸಿಗುತ್ತದೆ. ಅಲ್ಲಿಯ ಕೇದಾರೇಶ್ವರ ಗುಡಿಗೆ ಸೇರಿದ್ದ ಕೋಡಿಯಮಠವನ್ನು 1162ರ ಒಂದು ಶಾಸನ ವರ್ಣಿಸುತ್ತದೆ. ಕಾಳಾಮುಖ ಆಚಾರ್ಯರು ನಡೆಸುತ್ತಿದ್ದ ಮಠ ಅದು. ವೇದ, ವ್ಯಾಕರಣ, ನ್ಯಾಯ, ಸಾಂಖ್ಯ, ಮೀಮಾಂಸೆ, ಕಾವ್ಯ, ನಾಟಕಗಳ ಓದು ಅಲ್ಲಿತ್ತೆಂದೂ, ದೀನರಿಗೆ, ಅಂಧರಿಗೆ, ಅಂಗವಿಕಲರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ, ರೋಗಿಗಳಿಗೆ ಔಷಧಿ ಕೊಡುತ್ತಿದ್ದರೆಂದೂ ಶಾಸನ ಹೇಳುತ್ತದೆ. ನಮ್ಮ ರಾಣೇಬೆನ್ನೂರು ತಾಲ್ಲೂಕಿನಲ್ಲೇ, ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯ ಶಾಸನಗಳಲ್ಲಿ, 1225ರಲ್ಲಿ ಅಲ್ಲಿಗೆ ಬಂದು ನೆಲೆಸಿದ ಶಿವದೇವರೆಂಬ ವೀರಶೈವ ಗುರುಗಳ ವಿಷಯವಿದೆ, ಗುತ್ತಲದ ಅರಸರ ದಾನಗಳ ವಿಷಯವಿದೆ. ಶಿವಯೋಗಮಂದಿರದಲ್ಲಿ ಗ್ರಂಥಾಲಯ, ಪ್ರಸಾದ, ಔಷಧಿ ಮೂರೂ ಒಂದೇ ಆವರಣದಲ್ಲಿ ಇದ್ದದ್ದನ್ನು ನೋಡಿದರೆ, ಕುಮಾರ ಸ್ವಾಮಿಗಳು ಕಟ್ಟಿದ್ದು ಈ ನೆಲಕ್ಕೆ ಹೊಸದಲ್ಲ, ಮರೆತುಹೋಗಿದ್ದ ಹಳೆಯ ರೂಢಿಯೇ ಎನ್ನಿಸುತ್ತದೆ. ಅವರು ಆ ಶಾಸನಗಳನ್ನು ಓದಿರಲಿ, ಬಿಡಲಿ.

ಈಗ ನನಗೆ ಬಹಳ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಒಂದು ಬಡ ಜಂಗಮ ಮನೆ, ಅಲ್ಲಿ ಹುಟ್ಟು ಕುರುಡರಾದ ಇಬ್ಬರು ಅಣ್ಣ ತಮ್ಮ: ಗುರುಬಸಯ್ಯ, ಗದಿಗೆಯ್ಯ. ಚಿಕ್ಕವನಾದ ಗದಿಗೆಯ್ಯ ಹುಟ್ಟಿದ್ದು 1892ರಲ್ಲಿ. ಅಂಥ ಮಕ್ಕಳಿಗೆ ಆ ಕಾಲದ ಹಳ್ಳಿಯಲ್ಲಿ ಇದ್ದ ಭವಿಷ್ಯ ಎಂದರೆ ಮನೆಯ ಮೂಲೆ, ಇಲ್ಲವೆ ಗುಡಿಯ ಮುಂದಿನ ಕಟ್ಟೆ. ಹುಡುಗರು ಹಾಡುವುದನ್ನು ಕುಮಾರ ಸ್ವಾಮಿಗಳು ಕೇಳಿದರು. ಕೇಳಿ, ಹರಸಿ, ಕೈಗೆ ಎರಡು ಬಾಳೆಹಣ್ಣು ಕೊಟ್ಟು ಕಳಿಸುವುದು ದೊಡ್ಡವರ ರೂಢಿ. ಇವರು ಹುಡುಗರನ್ನು ತಾಯಿ ತಂದೆಯರಿಂದ ಕೇಳಿ ತಮ್ಮ ಬಳಿಗೆ ಕರೆತಂದು ಸಂಗೀತಕ್ಕೆ ಹಚ್ಚಿದರು. ಅಣ್ಣ ಬೇಗ ತೀರಿಕೊಂಡ. ಗದಿಗೆಯ್ಯನನ್ನು ಕರ್ನಾಟಕ ಸಂಗೀತ ಕಲಿಯಲು ಮೈಸೂರಿಗೆ ಕಳಿಸಿದರು. ಅದು ಮುಗಿದ ಮೇಲೆ ಹಿಂದೂಸ್ತಾನಿಯೂ ಬರಲಿ ಎಂದು ಮಿರಜದ ನೀಲಕಂಠ ಬುವಾ ಅವರಿಂದ ಪಾಠ ಹೇಳಿಸಿದರು. ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳಾಗಿದ್ದ ಬುವಾ ಅವರೇ ಇವರು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾದ.

ಇಲ್ಲಿ ಸ್ವಾಮಿಗಳ ಲೆಕ್ಕಾಚಾರವನ್ನು ಗಮನಿಸಿ. ಕಣ್ಣಿಲ್ಲದವನಿಗೆ ಸಂಗೀತ ಕಲಿಸಿದರೆ ಅವನ ಹೊಟ್ಟೆ ತುಂಬುತ್ತದೆ ಎಂಬಷ್ಟಕ್ಕೆ ಅವರು ನಿಲ್ಲಲಿಲ್ಲ. ಅವನು ಗುರುವಾಗಬೇಕು, ಅವನ ಕೈಯಿಂದ ಇನ್ನಷ್ಟು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳು ಮೇಲೆ ಬರಬೇಕು ಎಂಬ ಕಟ್ಟಳೆಯನ್ನು ಹಾಕಿದರು. ಗವಾಯಿಗಳು ಊರೂರು ತಿರುಗುವ ಸಂಗೀತ ಪಾಠಶಾಲೆ ನಡೆಸಿದರು, ನಾಟಕ ಕಂಪನಿ ಕಟ್ಟಿದರು, ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆನಿಂತರು. ಜಾತಿ ಕೇಳದೆ ಕಲಿಸಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಎಲ್ಲರೂ ಅವರ ಕೈಯಲ್ಲಿ ಬೆಳೆದವರು. ದೇವಗಿರಿಯ ಪುಟ್ಟರಾಜರು 1914ರಲ್ಲಿ ಹುಟ್ಟಿ ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಅವರೂ ಅಲ್ಲಿಗೇ ಬಂದು, 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮವನ್ನು 2010ರವರೆಗೆ ನಡೆಸಿದರು. ಜಾತ್ರೆಗಳಲ್ಲಿ ಅವರ ಕಂಪನಿಯ ನಾಟಕ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಬೋರ್ಡಿನ ಮೇಲೆ, ಹಸ್ತಪತ್ರಿಕೆಯ ಮೇಲೆ ಮೊದಲ ಸಾಲು ‘ಶ್ರೀ ಕುಮಾರೇಶ್ವರ ಕೃಪಾಪೋಷಿತ’ ಎಂದೇ ಇರುತ್ತಿತ್ತು. ಒಂದು ನಾಟಕ ಕಂಪನಿಯ ಹೆಸರಿನೊಳಗೆ ಅದರ ಹುಟ್ಟಿನ ಚರಿತ್ರೆ ಸೇರಿಕೊಂಡಿದೆ.

ನಾಟಕ, ಸಂಗೀತ ವಿರಕ್ತರಿಗೆ ಯಾಕೆ ಎಂದು ಆಗ ಆಡಿಕೊಂಡವರು ಇದ್ದಿರಬಹುದು. ಆದರೆ ಮಲಪ್ರಭೆಯ ದಂಡೆಯ ಮೇಲೆ ತಯಾರಾದ ಸ್ವಾಮಿಗಳಿಗಿಂತ ಹೆಚ್ಚು ದೂರಕ್ಕೆ, ಮುಂಬಯಿ ಆಕಾಶವಾಣಿಯವರೆಗೆ, ದೆಹಲಿಯ ಸಭೆಗಳವರೆಗೆ ಹೋದದ್ದು ಈ ಕುರುಡು ಹುಡುಗನ ಶಿಷ್ಯರ ದನಿ. ಕುಮಾರ ಸ್ವಾಮಿಗಳ ಸಾಧನೆಗಳಲ್ಲಿ ನಾನು ಇದನ್ನೇ ಎಲ್ಲಕ್ಕೂ ಮೇಲೆ ಇಡುತ್ತೇನೆ, ಮಹಾಸಭೆಗಿಂತಲೂ ಮೇಲೆ.

ದೊಡ್ಡವರನ್ನು ಗೌರವಿಸುವುದೆಂದರೆ ಅವರ ಕೆಲಸದ ಎಲ್ಲೆಯನ್ನೂ ನೋಡುವುದು. ಶಿವಯೋಗಮಂದಿರಕ್ಕೆ ಬಂದ ವಟುಗಳು ಹೆಚ್ಚಾಗಿ ಜಂಗಮ ಮನೆತನದವರು. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯರ ಹೆಸರು ಹೇಳುವ ಧರ್ಮದಲ್ಲಿ ಪೀಠದ ದಾರಿ ಎಲ್ಲ ಕಾಯಕದ ಮನೆಗಳಿಗೂ ಅಷ್ಟೇ ಅಗಲವಾಗಿ ತೆರೆಯಲಿಲ್ಲ. ಹೆಣ್ಣುಮಕ್ಕಳಿಗಂತೂ ಅಲ್ಲಿ ಓದುವ ವ್ಯವಸ್ಥೆ ಇರಲಿಲ್ಲ. ಅಕ್ಕಮಹಾದೇವಿಯ ವಚನ ಪಾಠವಾಗುತ್ತಿದ್ದ ಕೋಣೆಯಲ್ಲಿ ಒಬ್ಬ ಹುಡುಗಿಯೂ ಕೂತಿರಲಿಲ್ಲ. ಲಿಂಗಾಯತರಲ್ಲಿ ಒಬ್ಬ ಮಹಿಳೆ, ಮಾತೆ ಮಹಾದೇವಿ, ಧಾರವಾಡದಲ್ಲಿ ಜಗದ್ಗುರು ಪೀಠ ಏರಿದ್ದು 1970ರಲ್ಲಿ, ಬೇರೆಯೇ ದಾರಿಯಿಂದ. 1909ರ ಮನುಷ್ಯನನ್ನು ಇಂದಿನ ಅಳತೆಯಿಂದ ಅಳೆಯಬಾರದು ಎನ್ನುವವರಿದ್ದಾರೆ. ಆದರೆ ಹನ್ನೆರಡನೆಯ ಶತಮಾನದ ಶರಣರ ಅಳತೆ 1909ರಲ್ಲೂ ಕೈಗೆ ಸಿಗುವಂತೆಯೇ ಇತ್ತು. ಇನ್ನು ಮಹಾಸಭೆಯ ಹೆಸರಿನಲ್ಲಿರುವ ವೀರಶೈವ ಎಂಬ ಮಾತಿನ ಸುತ್ತ, ಅದೂ ಲಿಂಗಾಯತವೂ ಒಂದೆಯೋ ಬೇರೆಯೋ ಎಂದು, 2017–18ರಲ್ಲಿ ಎಷ್ಟು ದೊಡ್ಡ ವಾದ ಎದ್ದಿತೆಂಬುದು ನಿಮ್ಮ ಕಣ್ಣ ಮುಂದಿನ ಸಂಗತಿ. ಆ ವಾದದಲ್ಲಿ ಎರಡೂ ಕಡೆ ನಿಂತ ಸ್ವಾಮಿಗಳು ಕುಮಾರ ಸ್ವಾಮಿಗಳನ್ನು ಗೌರವದಿಂದ ನೆನೆಯುತ್ತಾರೆ.

1930ರ ಫೆಬ್ರವರಿ 19ರಂದು ಶಿವಯೋಗಮಂದಿರದಲ್ಲಿ ಅವರು ಲಿಂಗೈಕ್ಯರಾದರು. ಅರವತ್ತೆರಡು ವರ್ಷದ ಬಾಳು. ಗದ್ದುಗೆ ಅಲ್ಲಿಯೇ ಇದೆ. ಹಾನಗಲ್ಲ ಮಠದಲ್ಲಿ ಅವರ ನಂತರ ಸದಾಶಿವ ಸ್ವಾಮಿಗಳು ಬಂದು ಮಠವನ್ನೂ ಮಂದಿರದ ಕೆಲಸವನ್ನೂ ಮುಂದುವರಿಸಿದರು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ದೊಡ್ಡ ಆಸ್ಪತ್ರೆಗೆ ಹಾನಗಲ್ಲ ಶ್ರೀ ಕುಮಾರೇಶ್ವರರ ಹೆಸರಿದೆ. ನಮ್ಮ ಕಡೆಯ ಹೊಲ ಮನೆಯ ಜನ ಬೇನೆ ಬಂದರೆ ಅಲ್ಲಿಯವರೆಗೂ ಹೋಗುತ್ತಾರೆ.

ಕೊನೆಯದಾಗಿ ಈ ಉಪನ್ಯಾಸದ ದತ್ತಿಯನ್ನು ಇಟ್ಟ ಕುಟುಂಬದ ಹಿರಿಯರಲ್ಲಿ ಒಂದು ಬಿನ್ನಹ. ಇಂಗ್ಲೆಂಡಿನ ಬಿಷಪ್ಪರ ಕಚೇರಿಗಳಲ್ಲಿ ಹದಿಮೂರನೆಯ ಶತಮಾನದಿಂದ ಒಂದು ರಿಜಿಸ್ಟರ್ ಬರೆದಿಡುವ ಪದ್ಧತಿ ಬಂತು. ಯಾವ ದಿನ ಯಾರಿಗೆ ದೀಕ್ಷೆ ಕೊಟ್ಟರು, ಯಾರನ್ನು ಯಾವ ಊರಿಗೆ ಕಳಿಸಿದರು, ಯಾವ ಜಗಳ ಹೇಗೆ ತೀರಿತು ಎಲ್ಲವೂ ಅದರಲ್ಲಿ ಇರುತ್ತದೆ. ವೈಕಮ್‌ನ ರಿಜಿಸ್ಟರನ್ನು ಇವತ್ತು ಅಚ್ಚಾದ ಪುಸ್ತಕವಾಗಿ ಓದಬಹುದು. ಶಿವಯೋಗಮಂದಿರದಲ್ಲಿ ಕಲಿತು ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಮಠಗಳಿಗೆ ಬಂದ ಸ್ವಾಮಿಗಳು ಯಾರು ಯಾರು, ಯಾವ ವರ್ಷ ಬಂದರು, ಊರಿಗೆ ಏನು ಮಾಡಿದರು ಎಂಬ ವಿವರ ಮಠದ ವಹಿಗಳಲ್ಲಿ, ಹಳೆಯ ಆಮಂತ್ರಣ ಪತ್ರಿಕೆಗಳಲ್ಲಿ, ಗೌಡರ ಶಾನಭೋಗರ ಮನೆಯ ಟ್ರಂಕುಗಳಲ್ಲಿ ಚದುರಿ ಬಿದ್ದಿದೆ. ಎಂಬತ್ತು ದಾಟಿದ ಕೆಲವು ಅಜ್ಜ ಅಜ್ಜಿಯರಿಗೆ ಬಾಯಲ್ಲಿದೆ. ಮುಂದಿನ ವರ್ಷದ ದತ್ತಿಯ ಹಣದಲ್ಲಿ ಒಂದು ಪಾಲನ್ನು, ಕಾಲೇಜಿನ ಇತಿಹಾಸ ವಿಭಾಗದ ಹುಡುಗ ಹುಡುಗಿಯರನ್ನು ಈ ಮೂರು ತಾಲ್ಲೂಕುಗಳ ಊರುಗಳಿಗೆ ಕಳಿಸಿ ಅದನ್ನೆಲ್ಲ ಬರೆಸಿ, ಫೋಟೋ ತೆಗೆಸಿ, ಒಂದು ಕಡೆ ಸೇರಿಸಲು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಜೋಯಿಸರ ಹರಳಹಳ್ಳಿಯಿಂದ ಶುರು ಮಾಡಬಹುದು. ಮಂದಿರದವರು ತಮ್ಮ ವಟುಗಳ ದಾಖಲೆ ಪುಸ್ತಕ ತೋರಿಸಿದರೆ ಅರ್ಧ ಕೆಲಸ ಹಗುರವಾಗುತ್ತದೆ. ಪತ್ರ ಬರೆಯುವ ಹೊಣೆ ನನಗಿರಲಿ.